ನವನಗರದ ಮನೆ, ಮೇಲೆ ಎರಡು ಬಾಡಿಗೆ ಪೋರ್ಷನ್: ಪಾಲಿಕೆ ಕರ ಏರಿದೆ, ಬಾಡಿಗೆ ಏರಿಸಬೇಕೇ? ಹೊಸ ಬಾಡಿಗೆ ಕಾನೂನು ನಿಜವೇ?

ನವನಗರ_ಮನೆ (ಪ್ರಶ್ನೆ)

ನಮಸ್ಕಾರ್ರೀ ಎಲ್ಲರಿಗೂ. ಹುಬ್ಬಳ್ಳಿ ನವನಗರದಲ್ಲಿ 30x40 ನಿವೇಶನದ ಮನೆ, ಅಪ್ಪಾಜಿ ಹೆಸರಿನಲ್ಲಿದೆ. ಕೆಳಗೆ ನಾವೇ ಇದ್ದೇವೆ. ಮೇಲಿನ ಅಂತಸ್ತಿನಲ್ಲಿ ಎರಡು ಪೋರ್ಷನ್, ಒಂದಕ್ಕೆ 9,500, ಇನ್ನೊಂದಕ್ಕೆ 12,000 ಬಾಡಿಗೆ. ಮೇಲಿನ ಅಂತಸ್ತು ಕಟ್ಟಲು ತೆಗೆದ ಸಾಲ ಇನ್ನೂ ನಡೆದಿದೆ, ವರ್ಷಕ್ಕೆ ಸುಮಾರು 1,10,000 ಬಡ್ಡಿ. ಅಪ್ಪಾಜಿಗೆ ತಿಂಗಳಿಗೆ 42,000 ಪಿಂಚಣಿ. ಕೇಳಬೇಕಾದದ್ದು ಇಷ್ಟು:

ಇಡೀ ಮನೆಯ ಪಾಲಿಕೆ ಕರ ಹೋದ ವರ್ಷ 7,450 ಇತ್ತು, ಈ ವರ್ಷ 7,800 ಬಂದಿದೆ. ಇದನ್ನು ಬಾಡಿಗೆದಾರರ ಮೇಲೆ ಹಾಕಬಹುದೇ? ಬಾಡಿಗೆಗೆ ಆದಾಯ ತೆರಿಗೆ ಎಷ್ಟು ಬೀಳುತ್ತದೆ? 12,000ದ ಪೋರ್ಷನ್ ಖಾಲಿಯಾಗುತ್ತಿದೆ, ಒಂದು ಔಷಧ ಕಂಪನಿಯವರು ತಮ್ಮ ಅಧಿಕಾರಿಗೆ ಬೇಕು, ಕರಾರು ಪತ್ರ ಕಂಪನಿ ಹೆಸರಿನಲ್ಲೇ ಆಗಬೇಕು ಅನ್ನುತ್ತಿದ್ದಾರೆ. ಜಿಎಸ್‌ಟಿ ನಮ್ಮ ಕೊರಳಿಗೆ ಬರುತ್ತದೆಯೇ? ಮೇಲಿನ ಎರಡೂ ಪೋರ್ಷನ್‌ಗೆ ಒಂದೇ ಮೀಟರ್ ಇದೆ, ಗೃಹಜ್ಯೋತಿ ವಿಷಯಕ್ಕೆ ತಿಂಗಳಾ ತಕರಾರು. ಎರಡೇ ತಿಂಗಳ ಡಿಪಾಜಿಟ್, 60 ದಿನದೊಳಗೆ ನೋಂದಣಿ, ಇಲ್ಲದಿದ್ದರೆ 5,000 ದಂಡ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುವ ಕಾನೂನು ನಮಗೂ ಅನ್ವಯವೇ? ಕೊನೆಯದಾಗಿ, ತಮ್ಮ ಮಸ್ಕತ್‌ನಲ್ಲಿದ್ದಾನೆ. ಧಾರವಾಡ ಸಪ್ತಾಪುರದಲ್ಲಿ ಅವನ ಹೆಸರಿನ ಮನೆ 18,000ಕ್ಕೆ ಬಾಡಿಗೆ ಇದೆ. ಅದಕ್ಕೆ ಬೇರೆ ನಿಯಮ ಇದೆಯಂತೆ?

ಕಿರ್ದಿ_ಖಾತೆ

ಆದಾಯ ತೆರಿಗೆಯಿಂದ ಶುರು ಮಾಡೋಣ, ನಿಮಗೆ ಅಲ್ಲೇ ಹೆಚ್ಚು ಸಮಾಧಾನ ಸಿಗುವುದು. 2025-26ರ ಲೆಕ್ಕ ಇದು.

ಒಂದೇ ಕಟ್ಟಡವಾದರೂ ಕೆಳಗಿನದು ಸ್ವಂತ ವಾಸ, ಮೇಲಿನದು ಬಾಡಿಗೆ, ಹೀಗೆ ಎರಡು ಭಾಗ ಮಾಡಿ ಲೆಕ್ಕ ಹಾಕಬೇಕು. ಬಾಡಿಗೆ ತಿಂಗಳಿಗೆ 21,500, ವರ್ಷಕ್ಕೆ 2,58,000. ಪಾಲಿಕೆ ಕರದಲ್ಲಿ ಮೇಲಿನ ಅಂತಸ್ತಿನ ಪಾಲು ಅರ್ಧ ಅಂತ ಹಿಡಿದರೆ 3,900, ಅದನ್ನು ಕಳೆದರೆ 2,54,100. ಇದರ ಮೇಲೆ 30% ಸ್ಟ್ಯಾಂಡರ್ಡ್ ಡಿಡಕ್ಷನ್ 76,230. ಉಳಿದದ್ದು 1,77,870. ಸಾಲ ಮೇಲಿನ ಅಂತಸ್ತಿಗೇ ತೆಗೆದದ್ದು ಅಂದಿರಿ, ಹಾಗಾಗಿ 1,10,000 ಬಡ್ಡಿ ಪೂರ್ತಿ ಅಲ್ಲೇ ಹೋಗುತ್ತದೆ. ಮಿಕ್ಕಿದ ಮನೆ ಆದಾಯ 67,870. ಪಿಂಚಣಿ 5,04,000ದಲ್ಲಿ ಹೊಸ ತೆರಿಗೆ ಪದ್ಧತಿಯ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 4,29,000. ಒಟ್ಟು 4,96,870. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ ತೆರಿಗೆ ಸೊನ್ನೆ. ಬಡ್ಡಿ ತೋರಿಸದೇ ಹೋದರೂ 6,06,870 ಆಗುತ್ತದೆ, ಆಗಲೂ ಸೊನ್ನೆಯೇ.

ತೆರಿಗೆ ಇಲ್ಲ ಅಂದರೆ ರಿಟರ್ನ್ ಬೇಡ ಅಂತ ಅರ್ಥ ಅಲ್ಲ. ಹೊಸ ಪದ್ಧತಿಯ ಮೂಲ ವಿನಾಯಿತಿ 4 ಲಕ್ಷ. ಆದಾಯ ಅದನ್ನು ದಾಟಿದ ಮೇಲೆ ರಿಟರ್ನ್ ಹಾಕಲೇಬೇಕು. ಪಿಂಚಣಿದಾರರು ಎಡವುವುದು ಇಲ್ಲೇ.

ಎಲ್ಲೆಲ್ಲಿ ಲೆಕ್ಕ ತಪ್ಪುತ್ತದೆ ಅಂದರೆ: ಪಾಲಿಕೆ ಕರವನ್ನು ಮಾಲೀಕರು ಆ ಆರ್ಥಿಕ ವರ್ಷದಲ್ಲೇ ನಿಜವಾಗಿ ಕಟ್ಟಿರಬೇಕು. ಬಿಲ್ ಬಂದಿದೆ, ಕಟ್ಟಿಲ್ಲ ಅಂದರೆ ಕಳೆಯುವಂತಿಲ್ಲ. ಬಾಡಿಗೆದಾರರಿಂದ ಕಟ್ಟಿಸಿದರೂ ಕಳೆಯುವಂತಿಲ್ಲ. ಎರಡು ವರ್ಷದ ಬಾಕಿಯನ್ನು ಒಟ್ಟಿಗೆ ಕಟ್ಟಿದರೆ ಕಟ್ಟಿದ ವರ್ಷದಲ್ಲಿ ಎರಡೂ ಸಿಗುತ್ತವೆ. 30% ಮಾತ್ರ ಖರ್ಚು ಮಾಡಿದರೂ ಮಾಡದಿದ್ದರೂ ಸಿಗುವಂಥದು, ಅದಕ್ಕೇ ಸುಣ್ಣ-ಬಣ್ಣ, ಮೋಟಾರ್ ರಿಪೇರಿ, ಏಜೆಂಟರ ಕಮಿಷನ್ ಯಾವುದನ್ನೂ ಬೇರೆಯಾಗಿ ತೋರಿಸಲು ಬರುವುದಿಲ್ಲ. ಸಾಲ ಮಗನ ಹೆಸರಿನಲ್ಲಿ, ಮನೆ ತಂದೆಯ ಹೆಸರಿನಲ್ಲಿ ಇದ್ದರೆ ಬಡ್ಡಿಯ ಲಾಭ ಇಬ್ಬರಿಗೂ ಇಲ್ಲ. ಇನ್ನು ಬಾಡಿಗೆಯನ್ನು ಸೊಸೆಯ ಖಾತೆಗೆ ಹಾಕಿಸಿಕೊಂಡರೆ ಆದಾಯ ಅವರದಾಗುತ್ತದೆ ಎನ್ನುವ ಭ್ರಮೆ ಬಿಡಬೇಕು. ಆಸ್ತಿ ಯಾರದೋ ಆದಾಯವೂ ಅವರದೇ.

ಜಿಎಸ್‌ಟಿ ನಿಮ್ಮ ಕೊರಳಿಗೆ ಬರುವುದಿಲ್ಲ. ವಾಸದ ಮನೆಯನ್ನು ಜಿಎಸ್‌ಟಿ ನೋಂದಣಿ ಇರುವ ಕಂಪನಿಗೆ ಕೊಟ್ಟರೆ 2022ರ ಜುಲೈ 18ರಿಂದ 18% ತೆರಿಗೆ ಇದೆ ನಿಜ, ಆದರೆ ಅದು ರಿವರ್ಸ್ ಚಾರ್ಜ್. 12,000ಕ್ಕೆ 2,160ನ್ನು ಕಂಪನಿಯೇ ಸರ್ಕಾರಕ್ಕೆ ಕಟ್ಟಬೇಕು. ನೀವು ನೋಂದಣಿ ಮಾಡಿಸಬೇಕಿಲ್ಲ, ಬಿಲ್‌ನಲ್ಲಿ ಸೇರಿಸುವುದೂ ಬೇಡ. "ನಮಗೆ 2,160 ಹೆಚ್ಚು ಬೀಳುತ್ತದೆ, ಬಾಡಿಗೆ ಇಳಿಸಿ" ಅಂತ ಅವರು ಚೌಕಾಶಿಗೆ ಬಂದರೆ, ಕರಾರನ್ನು ಆ ಅಧಿಕಾರಿಯ ಸ್ವಂತ ಹೆಸರಿನಲ್ಲಿ ಮಾಡಿಕೊಳ್ಳಿ ಅನ್ನಿ. ವ್ಯಕ್ತಿಯೊಬ್ಬರು ತಾವು ವಾಸಿಸಲು ತೆಗೆದುಕೊಂಡ ಮನೆಗೆ ಜಿಎಸ್‌ಟಿ ಇಲ್ಲ. ಕಂಪನಿಯ ಹೆಸರಿನಲ್ಲೇ ಆಗಬೇಕು ಎಂದು ಹಟ ಹಿಡಿದರೆ ಒಂದು ಷರತ್ತು ಮರೆಯಬೇಡಿ: ಅಧಿಕಾರಿ ವರ್ಗವಾದರೆ ಮನೆ ಖಾಲಿ ಮಾಡಿಸಿ ಬೀಗ ಕೈಗೆ ಕೊಡುವ ಹೊಣೆ ಕಂಪನಿಯದು, ಅವರ ಜಾಗಕ್ಕೆ ಇನ್ನೊಬ್ಬರನ್ನು ತರುವ ಮೊದಲು ನಿಮ್ಮ ಒಪ್ಪಿಗೆ ಬೇಕು. ಬಾಡಿಗೆ ಕೊಡುವಾಗಲೇ ಕಂಪನಿ ತೆರಿಗೆ ಹಿಡಿದುಕೊಳ್ಳುವ (ಟಿಡಿಎಸ್) ಪ್ರಶ್ನೆ ಏಳುವುದಿಲ್ಲ, 2025ರ ಏಪ್ರಿಲ್‌ನಿಂದ ಅದರ ಮಿತಿ ತಿಂಗಳಿಗೆ 50,000.

ತಮ್ಮನ ಮನೆಯದು ಬೇರೆಯೇ ಕಥೆ, ಆಮೇಲೆ ಬರೆಯುತ್ತೇನೆ.

ಉಣಕಲ್_ಕ್ರಾಸ್

ಕರ ಏರೇತಿ ಅಂತ ಹೇಳಿ ಬಾಡಿಗಿ ಏರಸಾಕ ಹೋಗಬ್ಯಾಡ್ರಿ. ಲೆಕ್ಕಾನ ಕೂಡೂದಿಲ್ಲ. 7,450 ಇದ್ದದ್ದು 7,800 ಆಗೇತಿ, ಅಂದ್ರ ವರ್ಷಕ್ಕ 350 ರೂಪಾಯಿ. ಅದರಾಗ ಮ್ಯಾಲಿನ ಅಂತಸ್ತಿನ ಪಾಲು 175. ಎರಡು ಪೋರ್ಷನ್ ಮ್ಯಾಲ ಹಂಚಿದ್ರ ತಿಂಗಳಿಗೆ ಒಬ್ಬೊಬ್ಬರಿಗೆ ಎಂಟು ರೂಪಾಯಿ ಸೈತ ಆಗಂಗಿಲ್ಲ. ಅದs 9,500ರ ಮ್ಯಾಲ 5% ಏರಸಿದ್ರ ತಿಂಗಳಿಗೆ 475, ವರ್ಷಕ್ಕ 5,700. ಬಾಡಿಗಿದಾರ್ರಿಗೂ ಗುಣಾಕಾರ ಬರ್ತೈತ್ರಿ. 5% ಏರಸೂದು ಕರಾರಿನಾಗ ಬರದಿದ್ರ ಅದನ್ನs ತೋರಿಸಿ ಕೇಳ್ರಿ, ಪಾಲಿಕೆ ಹೆಸರು ಯಾಕ ತಗೀತೀರಿ.

ಬಾಡಿಗಿ ನಿಂತಿರೂದು ನಿಮ್ಮ ಖರ್ಚಿನ ಮ್ಯಾಲ ಅಲ್ಲ, ನಿಮ್ಮ ಓಣ್ಯಾಗ ಎಷ್ಟು ಟು-ಲೆಟ್ ಬೋರ್ಡ್ ತೂಗ್ಯಾಡಾಕತ್ತಾವ ಅನ್ನೂದರ ಮ್ಯಾಲ. 9,500ರ ಪೋರ್ಷನ್ ಒಂದs ತಿಂಗಳು ಖಾಲಿ ಬಿತ್ತಂದ್ರ ಇಡೀ ಮನಿ ವರ್ಷದ ಕರಕ್ಕಿಂತ ಹೆಚ್ಚು ಹೋತು. ಛಲೋ ಬಾಡಿಗಿದಾರ್ರು ಇದ್ರ 475 ಬಿಟ್ಟು ಇಟ್ಟಕೊಳ್ಳೂದs ಲಾಭ.

ಆಸ್ತಿ ಕರ ಹ್ಯಾಂಗ ಬರ್ತೈತಿ ಅನ್ನೂದನ್ನೂ ತಿಳಕೋರಿ. 2021ರ ತಿದ್ದುಪಡಿ ಆದ ಮ್ಯಾಲ ಇದನ್ನ ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರಕ್ಕ ಗಂಟು ಹಾಕ್ಯಾರ. ಜಾಗಾದ ಅಳತಿ, ಕಟ್ಟಡದ ಚದರ, ಎಷ್ಟು ಹಳೇದು, ವಾಸಕ್ಕೋ ವ್ಯಾಪಾರಕ್ಕೋ, ಇಷ್ಟು ನೋಡ್ತಾರ. ವರ್ಷಾ 3ರಿಂದ 5% ಏರ್ತದ. ನೀವು ಬಾಡಿಗಿ 9,500 ತಗೊಂಡ್ರೂ 11,000 ತಗೊಂಡ್ರೂ ಪಾಲಿಕೆ ಲೆಕ್ಕಕ್ಕ ಅದು ಬರೂದಿಲ್ಲ. ಅದರ ಮ್ಯಾಲ ಆರೋಗ್ಯ ಸೆಸ್, ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಕೂಡ್ತಾವ, ಕಸದ ಶುಲ್ಕ ಬ್ಯಾರೆ. ಏಪ್ರಿಲ್‌ದಾಗ ಪೂರ್ತಿ ಕಟ್ಟಿದ್ರ 5% ಸೋಡ್. ನಿಮ್ಮ 7,800ಕ್ಕ ಸುಮಾರು 390 ಉಳೀತು, ಅಂದ್ರ ಈ ವರ್ಷ ಏರಿದ 350 ಅಲ್ಲೇ ಹೊಂದಿಕೆ ಆತು! ತಡಾ ಮಾಡಿದ್ರ ತಿಂಗಳಿಗೆ 2% ದಂಡ ಹತ್ತತೈತಿ.

ಒಂದು ಎಚ್ಚರ. ಕೆಳಗ ಒಂದು ಖೋಲಿ ಕಿರಾಣಿಗೋ ಟೇಲರ್ ಅಂಗಡಿಗೋ ಕೊಟ್ಟಿದ್ರ ಅಷ್ಟು ಚದರ ವಾಣಿಜ್ಯ ಅಂತ ತೋರಸಬೇಕು. ವಾಸ ಅಂತ ಬರದು ಕಟ್ಟಿಗೋಂತ ಹೋದ್ರ ಸರ್ವೆದಾಗ ಸಿಕ್ಕ ದಿವಸ ಹಿಂದಿನ ವರ್ಷದ ಫರಕನೂ ದಂಡದ ಸಮೇತ ಕೇಳ್ತಾರ.

ಈಗ ಮೀಟರ್ ವಿಷಯ. ಬಾಡಿಗಿಗೆ ನಿಜವಾಗಿ ಪೆಟ್ಟು ಕೊಟ್ಟ ಸರ್ಕಾರಿ ಯೋಜನೆ ಯಾವುದು ಅಂತ ಕೇಳಿದ್ರ ನಾ ಗೃಹಜ್ಯೋತಿ ಅಂತೇನಿ, ಆಸ್ತಿ ಕರ ಅಲ್ಲ. 2023ರ ಜುಲೈದಿಂದ 200 ಯೂನಿಟ್ ಒಳಗ ಇದ್ದವರಿಗೆ ಅವರವರ ಸರಾಸರಿ ಪ್ರಕಾರ ಪುಕ್ಕಟ. 200 ದಾಟಿದ್ರ ಆ ತಿಂಗಳ ಪೂರಾ ಬಿಲ್. ನಿಮ್ಮಲ್ಲಿ ಒಬ್ಬರು 90, ಇನ್ನೊಬ್ಬರು 130 ಸುಟ್ರು ಅಂತ ತಿಳೀರಿ. ಬ್ಯಾರೆ ಬ್ಯಾರೆ ಮೀಟರ್ ಇದ್ರ ಇಬ್ಬರೂ 200ರ ಒಳಗ. ಒಂದs ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ಇದ್ರ 220 ಆಗಿ ಇಬ್ಬರಿಗೂ ಬಿಲ್ ಬೀಳ್ತೈತಿ. 90 ಸುಟ್ಟವ "ನಂದೇನ್ ತಪ್ಪು" ಅಂತಾನ, ಅವನ ಮಾತು ಖರೇನೂ ಐತಿ. ಇನ್ನs ಕೆಲವು ಮಾಲಕರು ಸಬ್-ಮೀಟರ್ ಹಚ್ಚಿ, ಸರ್ಕಾರದಿಂದ ಬಿಲ್ ಸೊನ್ನೆ ಬಂದ್ರೂ ಬಾಡಿಗಿದಾರ್ರ ಕಡೆ ಯೂನಿಟ್ಟಿಗಿಷ್ಟು ಅಂತ ರೊಕ್ಕ ತಗೋತಾರ. ಜಗಳ ಹುಟ್ಟೂದs ಅಲ್ಲಿ. ಹಿಂಗಾಗಿ ಈಗ ಮನಿ ನೋಡಾಕ ಬಂದವರು ಮೊದಲ ಕೇಳೂದು ನೀರು, ಎರಡನೇದು "ಮೀಟರ್ ಬ್ಯಾರೆ ಐತೇನ್ರಿ?" ಬ್ಯಾರೆ ಮೀಟರ್ ಇದ್ದ ಪೋರ್ಷನ್ನಿಗೆ ನಾಕ್ ರೂಪಾಯಿ ಹೆಚ್ಚು ಕೇಳಬಹುದು, ಕೊಡ್ತಾರ.

ಹೆಸ್ಕಾಂ ಸೆಕ್ಷನ್ ಆಫೀಸಿಗೆ ಲೈಸೆನ್ಸ್ ಇದ್ದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಮುಖಾಂತರ ಅರ್ಜಿ ಹಾಕ್ರಿ. ಖಾತಾ ಉತಾರ, ಕರ ಕಟ್ಟಿದ ಪಾವತಿ, ಆಧಾರ್ ಬೇಕು. ವೈರಿಂಗ್ ಪೂರ್ತಿ ಬ್ಯಾರೆ ಇರಬೇಕು. ಮೆಟ್ಟಲ ಲೈಟು, ಬೋರ್ ಮೋಟಾರು ನಿಮ್ಮ ಕೆಳಗಿನ ಮೀಟರಿಗೆ ಇರ್ಲಿ, ಇಲ್ಲಂದ್ರ ಮತ್ತ ಅದs ತಕರಾರು. ಇಲ್ಲಿ ಒಂದು ತೊಡಕಿತ್ತು. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮ್ಯಾಲ ಸ್ವಾಧೀನ ಪ್ರಮಾಣಪತ್ರ (ಓಸಿ, ಕಟ್ಟಡ ನಕ್ಷಾ ಪ್ರಕಾರ ಆಗೇತಿ ಅಂತ ಕೊಡೂ ಪತ್ರ) ಇಲ್ಲದ ಕಟ್ಟಡಕ್ಕ ಹೊಸಾ ಕನೆಕ್ಷನ್ ಕೊಡೂದು ನಿಂತಿತ್ತು. 1,200 ಚದರ ಅಡಿ ಒಳಗಿನ ನಿವೇಶನದಾಗ ನೆಲ ಮತ್ತ ಎರಡು ಅಂತಸ್ತಿನ ತನಕ ಇದ್ದ ವಾಸದ ಮನಿಗೆ ಆಮ್ಯಾಲ ಸರ್ಕಾರ ವಿನಾಯಿತಿ ಕೊಟ್ಟೈತಿ. ನಿಮ್ಮದು 30x40, ನೆಲ ಮತ್ತ ಒಂದು. ಅಳತಿ ಗೆರಿ ಒಳಗs ಐತಿ, ಆದ್ರೂ ಹೆಸ್ಕಾಂ ಆಫೀಸಿನಾಗ ಒಮ್ಮೆ ಕೇಳಿ ಖಾತ್ರಿ ಮಾಡ್ಕೋರಿ.

ಮತ್ತ ಹಳೇ ಬಾಡಿಗಿದಾರ ಹೋಗೂ ಮುಂಚೆ ಸೇವಾಸಿಂಧುದಾಗ ತನ್ನ ಆಧಾರ್‌ನ ನಿಮ್ಮ ಆರ್‌ಆರ್ ನಂಬರಿನಿಂದ ಬಿಡಸಬೇಕು. ಡಿಪಾಜಿಟ್ ತಿರುಗಿ ಕೊಡೂ ದಿವಸ ಮುಂದ ಕುಂಡ್ರಿಸಿಕೊಂಡು ಮಾಡಸ್ರಿ. ಹೋದ ಮ್ಯಾಲ ಫೋನ್ ಎತ್ತೂದಿಲ್ಲ, ಹೊಸಬರ ಅರ್ಜಿ ಅಲ್ಲೇ ಕುಂತು ಬಿಡ್ತೈತಿ.

ದಿವಾಣಿ_ದಾವೆ

ವಾಟ್ಸ್‌ಆ್ಯಪ್‌ನ ಕಾನೂನಿನ ಬಗ್ಗೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳ, ವಾಣಿಜ್ಯಕ್ಕೆ ಆರು ತಿಂಗಳ ಡಿಪಾಜಿಟ್ ಮಿತಿ, ಕರಾರಾದ ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸುವುದು, ಅವಧಿ ಮುಗಿದರೂ ಬಿಡದಿದ್ದರೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ, ಇವೆಲ್ಲ ಅದರಲ್ಲಿವೆ. ಸಂದೇಶ ಹುಟ್ಟಿದ್ದು ಅಲ್ಲಿಂದ. ಆದರೆ ಅದು ಮಾದರಿ ಅಷ್ಟೇ. ಬಾಡಿಗೆ ರಾಜ್ಯಪಟ್ಟಿಯ ವಿಷಯ, ರಾಜ್ಯ ಶಾಸನಸಭೆ ಕಾಯ್ದೆ ಮಾಡಿದರೆ ಮಾತ್ರ ಕಾನೂನು. ತಮಿಳುನಾಡು, ಉತ್ತರ ಪ್ರದೇಶ ತಮ್ಮದೇ ಬಾಡಿಗೆ ಕಾಯ್ದೆ ಮಾಡಿಕೊಂಡಿವೆ. ಕರ್ನಾಟಕ ಈ ಮಾದರಿಯನ್ನು ಅಳವಡಿಸಿಕೊಂಡಿಲ್ಲ. ಆದ್ದರಿಂದ ಎರಡು ತಿಂಗಳ ಮಿತಿಯೂ ಇಲ್ಲ, 5,000 ದಂಡವೂ ಇಲ್ಲ.

ನಮ್ಮಲ್ಲಿರುವುದು ಕರ್ನಾಟಕ ಬಾಡಿಗೆ ಕಾಯ್ದೆ 1999, ಜಾರಿಯಾದದ್ದು 2001ರ ಡಿಸೆಂಬರ್ 31ರಿಂದ. ಅದಕ್ಕೂ ಮೊದಲು 1961ರ ಬಾಡಿಗೆ ನಿಯಂತ್ರಣ ಕಾಯ್ದೆ, ಅದಕ್ಕೂ ಮೊದಲು ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದಾಗ 1947ರ ಬಾಂಬೆ ಬಾಡಿಗೆ ಕಾಯ್ದೆ. ದುರ್ಗದಬೈಲ್ ಕಡೆಯ ಹಳೇ ಅಂಗಡಿಗಳ ತಕರಾರು ಅರ್ಥವಾಗಬೇಕಾದರೆ ಈ ಮೂರೂ ಗೊತ್ತಿರಬೇಕು. ಬಾಡಿಗೆಯನ್ನು ಕಟ್ಟಿಹಾಕಿದಾಗ ಮಾಲೀಕ ಹೆಂಚು ಬದಲಿಸುವುದನ್ನೂ ಬಿಟ್ಟ, ಬಾಡಿಗೆದಾರ ಬಿಟ್ಟುಹೋಗುವುದನ್ನೂ ಬಿಟ್ಟ.

1999ರ ಕಾಯ್ದೆ ಎಲ್ಲ ಮನೆಗೂ ಅನ್ವಯಿಸುವುದಿಲ್ಲ. ಪಟ್ಟಿಯಲ್ಲಿರುವ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಬೇರೆ ಕಡೆ 2,000 ದಾಟಿದ ಬಾಡಿಗೆ ಅದರ ಹೊರಗೆ. ವ್ಯಾಪಾರದ ಜಾಗವಾದರೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಯೊಳಗಿನ ಅಂಗಡಿಗಳು ಮಾತ್ರ ಒಳಗೆ. ನಿಮ್ಮ 9,500 ಮತ್ತು 12,000 ಎರಡೂ ಹೊರಗಿನವು. ನಿಮ್ಮ ಸಂಬಂಧವನ್ನು ಆಳುವುದು ಕರಾರು ಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಸರ್ಕಾರ ನಿಮ್ಮ ಬಾಡಿಗೆಗೆ ಮಿತಿ ಹಾಕಿಲ್ಲ, ಹಾಗೆಯೇ ಬಿಡಿಸಿಕೊಳ್ಳಲು ಬಾಡಿಗೆ ನ್ಯಾಯಾಲಯದ ದಾರಿಯೂ ಇಲ್ಲ. ತಿಂಗಳ ಬಾಡಿಗೆಗೆ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ (ಕರಾರಿನಲ್ಲಿ ಒಂದು ತಿಂಗಳು ಅಂತ ಬರೆದಿದ್ದರೆ ಅದೇ), ಆಮೇಲೆ ಸಿವಿಲ್ ದಾವೆ. ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದನ್ನು ಕೋರ್ಟಿಗೆ ಹೋದವರು ಬಲ್ಲರು. ಅದಕ್ಕೇ ಕಾಗದ ಮೊದಲೇ ಗಟ್ಟಿ ಇರಲಿ.

ಎಲ್ಲರೂ ಕರಾರನ್ನು 11 ತಿಂಗಳಿಗೇ ಮಾಡುವುದರ ಗುಟ್ಟು ಇಷ್ಟೇ: ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ನೋಂದಾಯಿಸಲೇಬೇಕು. ಮೂರು ವರ್ಷ ಅಂತ ಬರೆದು ನೋಂದಾಯಿಸದೆ ಇಟ್ಟರೆ ಬಾಡಿಗೆ ದರ, ಅವಧಿ ಯಾವುದನ್ನೂ ಆ ಪತ್ರದಿಂದ ಸಾಬೀತು ಮಾಡಲಾಗದು. ಛಾಪಾ ಕಡಿಮೆ ಇದ್ದರೆ ಇನ್ನೊಂದು ಪೆಟ್ಟು, ಕೋರ್ಟಿನಲ್ಲಿ ಹಾಜರು ಮಾಡಿದ ದಿನ ಕೊರತೆಯ ಮೊತ್ತದ ಜೊತೆ ಅದರ ಹತ್ತು ಪಟ್ಟು ದಂಡ. ನೂರು ಇನ್ನೂರು ಉಳಿಸಲು ಹೋಗಬೇಡಿ.

ಕರಾರಿನಲ್ಲಿ ಜನ ಬಿಟ್ಟುಬಿಡುವ ಷರತ್ತುಗಳು: ಡಿಪಾಜಿಟ್ ಬ್ಯಾಂಕ್ ಮೂಲಕ ಬಂದ ದಿನಾಂಕ ಮತ್ತು ವಹಿವಾಟು ಸಂಖ್ಯೆ, ಬಿಡುವಾಗ ಬಣ್ಣಕ್ಕೆ ಎಷ್ಟು ಕಡಿತ, ಪ್ರತಿ ನವೀಕರಣಕ್ಕೆ ಎಷ್ಟು ಶೇಕಡಾ ಏರಿಕೆ, ಕರೆಂಟ್ ಮತ್ತು ನೀರಿನ ಬಾಕಿ ಯಾರದು, ಒಳಬಾಡಿಗೆ ನಿಷೇಧ. ನೀರಿನ ಬಾಕಿ ಆಸ್ತಿಗೇ ಅಂಟಿಕೊಳ್ಳುತ್ತದೆ, ಬಾಡಿಗೆದಾರ ಬಿಟ್ಟುಹೋದ ಮೇಲೆ ಪಾಲಿಕೆ ನಿಮ್ಮನ್ನೇ ಕೇಳುತ್ತದೆ. ಏನೇ ಜಗಳವಾದರೂ ನೀರು, ಕರೆಂಟ್ ಕಟ್ ಮಾಡುವುದು, ಬೀಗ ಜಡಿಯುವುದು ಬೇಡ. ಬಾಡಿಗೆ ಬಾಕಿ ಇರುವ ಮನುಷ್ಯನಿಗೆ ತಡೆಯಾಜ್ಞೆಯನ್ನು ನೀವೇ ಕೈಯಾರೆ ಕೊಟ್ಟಂತೆ ಆಗುತ್ತದೆ.

"12 ವರ್ಷ ಇದ್ದರೆ ಮನೆ ಬಾಡಿಗೆದಾರನದಾಗುತ್ತದೆ" ಅನ್ನುವುದೂ ಸುಳ್ಳು. ಒಪ್ಪಿಗೆಯಿಂದ ಒಳಗೆ ಬಂದವನು ಬಾಡಿಗೆದಾರನಾಗಿ ಇರುವಷ್ಟು ಕಾಲ ಮಾಲೀಕತ್ವವನ್ನು ಅಲ್ಲಗಳೆಯುವಂತಿಲ್ಲ.

ವಿದ್ಯಾನಗರ_ಬಾಡಿಗೆದಾರ

ಬಾಡಿಗೆದಾರರ ಕಡೆಯಿಂದಲೂ ಒಂದು ಮಾತು. ಮಾಲೀಕರು ಪ್ಯಾನ್ ನಂಬರ್ ಕೊಡುವುದಿಲ್ಲ, ರಸೀದಿಗೆ ಸಹಿ ಹಾಕುವುದಿಲ್ಲ, ನಗದೇ ಬೇಕು ಅನ್ನುತ್ತಾರೆ. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಹೋಗುವುದು ನಮಗೆ. 30% ಕಡಿತ ಖರ್ಚಿಲ್ಲದೆ ಸಿಗುತ್ತದೆ, 12 ಲಕ್ಷದವರೆಗೆ ತೆರಿಗೆಯೂ ಇಲ್ಲ. ಮತ್ತೆ ಯಾತರ ಹೆದರಿಕೆ? ಇನ್ನೊಂದು: ಕೆಲವರು ಬಾಡಿಗೆ ಬೇಡ, ಆರು ಲಕ್ಷ ಕೊಟ್ಟು ಲೀಸ್‌ಗೆ ಇರಿ ಅನ್ನುತ್ತಿದ್ದಾರೆ. ತೆರಿಗೆ ಉಳಿಸಲಿಕ್ಕೇ ಇದು?

ಕಿರ್ದಿ_ಖಾತೆ

ವಿದ್ಯಾನಗರದವರ ಮಾತು ಸರಿ ಇದೆ. ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆಗೆ, ಅಂದರೆ ತಿಂಗಳಿಗೆ 8,333 ಮೀರಿದರೆ, ವಿನಾಯಿತಿ ಕೇಳುವ ನೌಕರ ಮಾಲೀಕರ ಪ್ಯಾನ್ ಕೊಡಬೇಕು. 9,500ದ ಪೋರ್ಷನ್‌ಗೇ 1,14,000 ಆಗುತ್ತದೆ. ಆದರೆ ಹಳೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಈ ಭತ್ಯೆಯ ವಿನಾಯಿತಿ, ನಮ್ಮ ಊರಿಗೆ ಮೂಲ ವೇತನದ 40% ಮಿತಿ. ಹೊಸ ಪದ್ಧತಿಯಲ್ಲಿ ಅದು ಇಲ್ಲವೇ ಇಲ್ಲ, ಹಾಗಾಗಿ ರಸೀದಿ ಕೇಳುವವರೇ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಪ್ಯಾನ್ ಹಾಕಿ ಬಾಡಿಗೆದಾರ ವಿನಾಯಿತಿ ಪಡೆದು, ನೀವು ಆ ಬಾಡಿಗೆ ತೋರಿಸದಿದ್ದರೆ ಇಲಾಖೆಗೆ ಹೊಂದಾಣಿಕೆ ಮಾಡಿ ನೋಡುವುದು ಕಷ್ಟವಲ್ಲ.

ಲೀಸ್ ಕೊಟ್ಟರೆ ತೆರಿಗೆ ಇಲ್ಲ ಅನ್ನುವುದು ಅರ್ಧ ಸತ್ಯ. ಹಿಂದಿರುಗಿಸಬೇಕಾದ ಡಿಪಾಜಿಟ್ ಆದಾಯವಲ್ಲ, ನಿಜ. ಆದರೆ ಮನೆಯ ವಾರ್ಷಿಕ ಮೌಲ್ಯವನ್ನು ಕೈಗೆ ಬಂದ ಬಾಡಿಗೆಯಿಂದ ಮಾತ್ರ ಲೆಕ್ಕ ಹಾಕುವುದಿಲ್ಲ, ಅಂಥ ಮನೆಗೆ ನ್ಯಾಯವಾಗಿ ಬರಬಹುದಾದ ಬಾಡಿಗೆಯನ್ನೂ ನೋಡುತ್ತಾರೆ. ಆರು ಲಕ್ಷ ಕೊಡುವ ಬಾಡಿಗೆದಾರರು ಕೇಳಬೇಕಾದ ಪ್ರಶ್ನೆ ಬೇರೆ: ಈ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ? ಋಣಭಾರ ಪತ್ರ ತೆಗೆಸಿ ನೋಡಿ. ಮಾಲೀಕ ಕಂತು ತಪ್ಪಿಸಿ ಬ್ಯಾಂಕ್ ಹರಾಜಿಗಿಟ್ಟರೆ ನೋಂದಣಿಯಿಲ್ಲದ 11 ತಿಂಗಳ ಕಾಗದ ಹಿಡಿದು ಆರು ಲಕ್ಷ ವಾಪಸ್ ತರುವುದು ಸುಲಭವಲ್ಲ. ಡಿಪಾಜಿಟ್ ಎಷ್ಟೇ ಇರಲಿ, 20,000 ಮತ್ತು ಮೇಲ್ಪಟ್ಟದ್ದನ್ನು ನಗದಾಗಿ ತೆಗೆದುಕೊಳ್ಳುವುದೂ ಬೇಡ, ನಗದಾಗಿ ಮರಳಿಸುವುದೂ ಬೇಡ.

ಈಗ ಉಣಕಲ್ ಅವರ ಮಾತಿಗೆ ಒಂದು ತಿದ್ದುಪಡಿ. ತೆರಿಗೆ ಈ ತಿಂಗಳ ಬಾಡಿಗೆಯನ್ನು ಅಲುಗಿಸುವುದಿಲ್ಲ ಅನ್ನುವುದು ಒಪ್ಪುವಂಥದ್ದೇ. ಆದರೆ ಮುಂದಿನ ಐದು ವರ್ಷದಲ್ಲಿ ಬಾಡಿಗೆಗೆ ಎಷ್ಟು ಮನೆ ಬರುತ್ತವೆ ಎನ್ನುವುದನ್ನು ಅದು ಅಲುಗಿಸುತ್ತದೆ. ಸಂಬಳದಾರರೊಬ್ಬರು ಸಾಲ ಮಾಡಿ ಗೋಕುಲ ರೋಡ್ ಕಡೆ ಫ್ಲ್ಯಾಟ್ ಕೊಂಡು ತಿಂಗಳಿಗೆ 15,000ಕ್ಕೆ ಬಾಡಿಗೆ ಕೊಟ್ಟರು ಅನ್ನಿ. ವರ್ಷಕ್ಕೆ 1,80,000, ಅದರಲ್ಲಿ 30% ಹೋಗಿ 1,26,000. ಸಾಲದ ಬಡ್ಡಿ 3,00,000. ನಷ್ಟ 1,74,000. ಹಳೆ ಪದ್ಧತಿಯಲ್ಲಿ ಇದನ್ನು ಸಂಬಳದಿಂದ ಕಳೆಯಬಹುದು (2 ಲಕ್ಷದ ಮಿತಿಯೊಳಗೆ), 30% ಹಂತದವರಿಗೆ ಸೆಸ್ ಸೇರಿ 54,288 ಉಳಿತಾಯ. ಹೊಸ ಪದ್ಧತಿಯಲ್ಲಿ ಈ ನಷ್ಟವನ್ನು ಸಂಬಳಕ್ಕೆ ಹೊಂದಿಸಲು ಬರುವುದಿಲ್ಲ, ಉಳಿತಾಯ ಸೊನ್ನೆ. ಮೇಲಿಂದ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ, 50 ಲಕ್ಷದ ಫ್ಲ್ಯಾಟ್‌ಗೆ 50,000 ಹೆಚ್ಚು. ಬಾಡಿಗೆಗೆಂದೇ ಫ್ಲ್ಯಾಟ್ ಕೊಳ್ಳುವವರು ಹಿಂದೆ ಸರಿಯುವುದಕ್ಕೆ ಇಷ್ಟು ಸಾಕು. ಅದೇ ಸ್ವಂತ ಜಾಗದ ಮೇಲೆ ಇನ್ನೊಂದು ಅಂತಸ್ತು ಏರಿಸುವ ಪಿಂಚಣಿದಾರರಿಗೆ ಇದ್ಯಾವುದೂ ತಟ್ಟುವುದಿಲ್ಲ. ಅವರಿಗೆ ತೆರಿಗೆ ಮೊದಲೇ ಇಲ್ಲ, ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18%ಕ್ಕೆ ಇಳಿದಿದೆ. ನಮ್ಮ ಊರಿನಲ್ಲಿ ಬಾಡಿಗೆ ಮನೆ ಅಂದರೆ ಇನ್ನು ಮುಂದೂ ಹೆಚ್ಚಾಗಿ ಮಾಲೀಕರ ತಲೆಯ ಮೇಲಿನ ಅಂತಸ್ತೇ ಅನ್ನಿಸುತ್ತದೆ.

ಸಪ್ತಾಪುರ_ಪಿಜಿ

ಧಾರವಾಡದ ಲೆಕ್ಕ ಸ್ವಲ್ಪ ಬೇರೆರೀ. ಸಪ್ತಾಪುರ, ಜಯನಗರ ಕಡೆ ಮನೆ ಬಾಡಿಗೆಗಿಂತ ಕಾಟ್ ಬಾಡಿಗೆ (ಒಂದು ಮಂಚದ ಜಾಗಕ್ಕೆ ಇಷ್ಟು ಅಂತ) ನಡೆಯುತ್ತದೆ. ಇಲ್ಲಿ ಬಾಡಿಗೆ ಏರಿಸುವ, ಇಳಿಸುವ ಸರ್ಕಾರಿ ನೀತಿ ಅಂದರೆ ನೇಮಕಾತಿ ಅಧಿಸೂಚನೆ! ಪಿಎಸ್‌ಐ, ಕೆಎಎಸ್ ಅಧಿಸೂಚನೆ ಬಂದರೆ ಖೋಲಿ ಸಿಗುವುದಿಲ್ಲ, ತಡವಾದರೆ ಕೋಚಿಂಗ್ ಹುಡುಗರು ಗಂಟು ಕಟ್ಟಿಕೊಂಡು ಊರಿಗೆ ಹೋಗುತ್ತಾರೆ.

ಪಿಜಿ ಮಾಡುವವರು ಎರಡು ಅಂಕಿ ನೆನಪಿಡಿ. ಒಬ್ಬರಿಗೆ ತಿಂಗಳಿಗೆ 20,000 ಮೀರದೆ, ಕನಿಷ್ಠ 90 ದಿನ ಸತತ ಇದ್ದರೆ 2024ರ ಜುಲೈ 15ರಿಂದ ಜಿಎಸ್‌ಟಿ ವಿನಾಯಿತಿ ಇದೆ. ಪರೀಕ್ಷೆಗೆಂದು ಹದಿನೈದು ದಿನಕ್ಕೆ ಬಂದವರದು ಈ ವಿನಾಯಿತಿಯಲ್ಲಿ ಬರುವುದಿಲ್ಲ. ಆದರೆ ವರ್ಷದ ಒಟ್ಟು ವಹಿವಾಟು 20 ಲಕ್ಷದೊಳಗಿದ್ದರೆ ಹೇಗೂ ನೋಂದಣಿ ಬೇಡ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಮಾತ್ರ ಮಾಡಿಸಿಕೊಳ್ಳಿ.

ಗದಗ_ಸ್ಟೇಷನ್_ರೋಡ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಗದಗದಲ್ಲಿ 400 ಚದರ ಅಡಿ ಅಂಗಡಿ, 25,000 ಬಾಡಿಗೆ. ಬಟ್ಟೆ ವ್ಯಾಪಾರಿ ಜಿಎಸ್‌ಟಿ ಕಟ್ಟಿದ್ದೇನೆ ಅಂತ ಬಾಡಿಗೆಯಲ್ಲಿ 4,500 ಮುರಿದು 20,500 ಕೊಡುತ್ತಿದ್ದಾನೆ. ನನಗೆ ಜಿಎಸ್‌ಟಿ ನೋಂದಣಿ ಇಲ್ಲ.

ಕಿರ್ದಿ_ಖಾತೆ

ಮುರಿಯಲು ಬರುವುದಿಲ್ಲ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದ ಮಾಲೀಕರಿಂದ ಅಂಗಡಿ ಹಿಡಿದ ನೋಂದಾಯಿತ ವ್ಯಾಪಾರಿ ರಿವರ್ಸ್ ಚಾರ್ಜ್‌ನಲ್ಲಿ 18% ಕಟ್ಟಬೇಕು, ಅದು ಬಾಡಿಗೆಯ ಮೇಲೆ ಅವನ ಕೈಯಿಂದ. ಸಾಮಾನ್ಯ ನೋಂದಣಿಯಿದ್ದರೆ ಆ 4,500ನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಅವನು ವಾಪಸ್ ಪಡೆಯುತ್ತಾನೆ. ಅಂದರೆ ನಿಮ್ಮಿಂದಲೂ ಮುರಿದು, ಸರ್ಕಾರದಿಂದಲೂ ಪಡೆದು ಎರಡು ಕಡೆ ಲಾಭ ಮಾಡಿಕೊಳ್ಳುತ್ತಿದ್ದಾನೆ. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಇದ್ದರೆ 2025ರ ಜನವರಿ 16ರಿಂದ ಕಟ್ಟಬೇಕಾಗಿಯೇ ಇಲ್ಲ. ಅವನ ನೋಂದಣಿ ಯಾವ ಬಗೆಯದು ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವನ ನಂಬರ್ ಹಾಕಿ ನೋಡಿ, ಆಮೇಲೆ ಮಾತಾಡಿ. 400 ಚದರ ಅಡಿ ಅಂದರೆ ಬಾಡಿಗೆ ಕಾಯ್ದೆಯ ಹೊರಗೆ, ಕರಾರಿನಲ್ಲಿ 25,000 ಎಂದಿದ್ದರೆ ಉಳಿದದ್ದು ಬಾಕಿ.

ಇನ್ನು ನವನಗರದವರ ತಮ್ಮನ ಮನೆ. ಮಾಲೀಕ ಅನಿವಾಸಿಯಾಗಿದ್ದರೆ 50,000ದ ಮಿತಿ ಇಲ್ಲ. ಮೊದಲ ರೂಪಾಯಿಯಿಂದಲೇ ಬಾಡಿಗೆದಾರ 30% ಮತ್ತು ಸೆಸ್, ಒಟ್ಟು 31.2% ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 18,000ಕ್ಕೆ ತಿಂಗಳಿಗೆ 5,616, ವರ್ಷಕ್ಕೆ 67,392. ಅದಕ್ಕಾಗಿ ಬಾಡಿಗೆದಾರ ಟ್ಯಾನ್ (ತೆರಿಗೆ ಹಿಡಿದು ಕಟ್ಟುವವರ) ನಂಬರ್ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಕಡಿತ ಮಾಡದಿದ್ದರೆ ಹೊಣೆ ಅವನ ಮೇಲೆ. ಗೊತ್ತಾದ ಬಾಡಿಗೆದಾರರು ಅನಿವಾಸಿಗಳ ಮನೆ ಅಂದರೆ ಹಿಂದೇಟು ಹಾಕುತ್ತಾರೆ, ಗೊತ್ತಿಲ್ಲದವರು ಸಿಕ್ಕಿಕೊಳ್ಳುತ್ತಾರೆ. ಬಾಡಿಗೆಯನ್ನು ಅಪ್ಪಾಜಿ ಖಾತೆಗೆ ಹಾಕಿಸಿದರೂ ಇದು ತಪ್ಪುವುದಿಲ್ಲ.

ತಮ್ಮನಿಗೆ ನಿಜವಾಗಿ ತೆರಿಗೆ ಎಷ್ಟು? ವರ್ಷಕ್ಕೆ 2,16,000, ಪಾಲಿಕೆ ಕರ 5,000 ಅಂತ ಹಿಡಿದು ಕಳೆದರೆ 2,11,000, 30% ಹೋದರೆ 1,47,700. ಇಲ್ಲಿ ಬೇರೆ ಆದಾಯ ಇಲ್ಲದಿದ್ದರೆ 4 ಲಕ್ಷದ ಒಳಗೇ ಇರುವುದರಿಂದ ತೆರಿಗೆ ಇಲ್ಲ. ಆದರೆ 12 ಲಕ್ಷದ ರಿಬೇಟ್ ಅನಿವಾಸಿಗಳಿಗೆ ಸಿಗುವುದಿಲ್ಲ, ಬ್ಯಾಂಕ್ ಬಡ್ಡಿ, ಶೇರು ಇದ್ದರೆ ಸೇರಿಸಿ ನೋಡಿ. ಕಡಿತವಾದ 67,392 ವಾಪಸ್ ಬರಬೇಕಾದರೆ ರಿಟರ್ನ್ ಹಾಕಿ ಕಾಯಬೇಕು.

ಕಾಯುವುದು ಬೇಡವಾದರೆ ಆರ್ಥಿಕ ವರ್ಷದ ಶುರುವಿನಲ್ಲೇ ಕಡಿಮೆ ದರದ ಅಥವಾ ಶೂನ್ಯ ಕಡಿತದ ಪ್ರಮಾಣಪತ್ರಕ್ಕೆ ಇಲಾಖೆಯ ಪೋರ್ಟಲ್‌ನಲ್ಲಿ ತಮ್ಮನೇ ಅರ್ಜಿ ಹಾಕಬೇಕು. ಕರಾರು ಪತ್ರ, ಪಾಲಿಕೆ ಕರದ ರಸೀದಿ, ಹಿಂದಿನ ರಿಟರ್ನ್‌ಗಳು, ಈ ವರ್ಷದ ಅಂದಾಜು ಆದಾಯ ಬೇಕಾಗುತ್ತವೆ. ಪ್ರಮಾಣಪತ್ರ ಬಾಡಿಗೆದಾರನ ಟ್ಯಾನ್‌ಗೆ ಜೋಡಿಸಿ ಬರುವುದರಿಂದ ಮೊದಲು ಅವನದು ಆಗಲಿ. ಬಂದ ದಿನದಿಂದ ಮುಂದಕ್ಕೆ ಮಾತ್ರ ಅನ್ವಯ, ಹಿಂದಿನ ತಿಂಗಳುಗಳದು ರಿಟರ್ನ್‌ನಲ್ಲೇ ಕೇಳಬೇಕು. ಬಾಡಿಗೆ ಬೀಳುವುದು ಅವನ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಇಲ್ಲಿನ ಆದಾಯಕ್ಕೆ ಇಡುವ ಬ್ಯಾಂಕ್ ಖಾತೆ) ಇರಲಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಕಲಂ ಸಂಖ್ಯೆಗಳೆಲ್ಲ ಬದಲಾಗಿವೆ. ಹಾಗಾಗಿ ಅರ್ಜಿ ತುಂಬುವಾಗ ಹಳೆಯ ಯೂಟ್ಯೂಬ್ ವಿಡಿಯೋ ನೋಡಿ ತುಂಬಬೇಡಿ. ಬಾಡಿಗೆ ಆದಾಯದ 30% ಸ್ಟ್ಯಾಂಡರ್ಡ್ ಡಿಡಕ್ಷನ್ ಹೊಸದರಲ್ಲೂ ಹಾಗೇ ಉಳಿದಿದೆ.